ಸರ್ಟಿಫಿಕೇಟ್ ಎಣಿಸಬೇಡಿ, ಗೊಂಬೆಯ ಎದೆ ಏಳುತ್ತಾ ನೋಡಿ

ಚಿಕ್ಕಮಗಳೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಈ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ, ಹೆಚ್ಚಾಗಿ ಮಕ್ಕಳ ವಾರ್ಡು ಮತ್ತು ಕ್ಯಾಶುವಾಲ್ಟಿಯಲ್ಲಿ, ಕೆಲಸ ಮಾಡಿ ನಿವೃತ್ತಳಾದ ನರ್ಸ್. ಇಲಾಖೆಗಳ ಕೆಲಸ ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ಆರೋಗ್ಯ ಇಲಾಖೆಯವರನ್ನು ನೀವು ಒಂದು ಪ್ರಶ್ನೆ ಕೇಳಬೇಕು. ತುರ್ತು ಚಿಕಿತ್ಸೆಯ ತರಬೇತಿ ಎಷ್ಟು ಜನಕ್ಕೆ ಆಗಿದೆ ಅಂತ ಕೇಳಬೇಡಿ, ಅದಕ್ಕೆ ಉತ್ತರ ಯಾವಾಗಲೂ ರೆಡಿ ಇರುತ್ತದೆ. ಉಸಿರು ಕಟ್ಟಿದ ಮಗುವನ್ನು ರಾತ್ರಿ ಎರಡು ಗಂಟೆಗೆ ಎತ್ತಿಕೊಂಡು ಬಂದರೆ, ಆಗ ಡ್ಯೂಟಿಯಲ್ಲಿರುವವರು ಆ ಮಗುವಿಗೆ ಮೊದಲ ಉಸಿರು ಕೊಡಲು ಎಷ್ಟು ಸೆಕೆಂಡ್ ಬೇಕು, ಯಾವತ್ತಾದರೂ ಅಳೆದಿದ್ದೀರಾ ಅಂತ ಕೇಳಿ.

ದೊಡ್ಡವರಲ್ಲಿ ಸಾಮಾನ್ಯವಾಗಿ ಹೃದಯವೇ ಮೊದಲು ಕೈಕೊಡುತ್ತದೆ. ಮಕ್ಕಳಲ್ಲಿ ಹೆಚ್ಚಿನ ಸಲ ಉಸಿರು ಮೊದಲು ಹೋಗುತ್ತದೆ, ಹೃದಯ ನಿಲ್ಲುವುದು ಆಮೇಲೆ. ನಡುವೆ ಸಿಗುವ ಆ ಸ್ವಲ್ಪ ಹೊತ್ತೇ ನಮ್ಮ ಕೈಲಿರುವುದು. ಕೂಸಿನ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಬಾಯಿಗೆ ಹೋಲಿಸಿದರೆ ನಾಲಿಗೆ ದೊಡ್ಡದು, ಉಸಿರಿನ ಕೊಳವೆ ತೀರಾ ಸಣ್ಣದು. 4 ಮಿ.ಮೀ. ಅಗಲದ ದಾರಿ ಸುತ್ತಲೂ ಒಂದೇ ಒಂದು ಮಿ.ಮೀ. ಊದಿಕೊಂಡರೂ ಉಳಿಯುವುದು 2 ಮಿ.ಮೀ. ಅಂದರೆ ಗಾಳಿ ಹೋಗುವ ಜಾಗದಲ್ಲಿ ಮುಕ್ಕಾಲು ಪಾಲು ಮುಚ್ಚಿತು. ತೂಕದ ಲೆಕ್ಕದಲ್ಲಿ ಕೂಸಿಗೆ ನಮಗಿಂತ ಸುಮಾರು ಎರಡರಷ್ಟು ಆಮ್ಲಜನಕ ಬೇಕು. ಹಾಗಾಗಿ ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಮ್ಲಜನಕದ ಮಟ್ಟ, ಇಳಿಯಲು ಶುರುವಾದರೆ ಕಣ್ಣೆದುರೇ ಜಾರಿ ಹೋಗುತ್ತದೆ.

ನಮ್ಮ ಕಡೆ ಇದಕ್ಕೆ ಕಾರಣಗಳಿಗೇನೂ ಕಡಿಮೆಯಿಲ್ಲ. ಗಂಟಲಿಗೆ ಸಿಕ್ಕಿಕೊಂಡ ಕಡಲೆಬೀಜ, ಅಡಿಕೆ ಚೂರು, ನ್ಯುಮೋನಿಯಾ, ಫಿಟ್ಸ್, ತೋಟದ ಕೆರೆಗೆ ಬಿದ್ದದ್ದು. "ರೆಫರ್ ಮಾಡಿ" ಅನ್ನುವುದು ಸುಲಭ. ತರೀಕೆರೆಯವರು ಶಿವಮೊಗ್ಗಕ್ಕೆ, ಶೃಂಗೇರಿ, ಕೊಪ್ಪದವರು ಮಣಿಪಾಲಕ್ಕೆ, ಮೂಡಿಗೆರೆಯವರು ಹಾಸನಕ್ಕೋ ಚಾರ್ಮಾಡಿ ಇಳಿದು ಮಂಗಳೂರಿಗೋ ಹೋಗುತ್ತಾರೆ. ಕಳಸದಿಂದ ಜಿಲ್ಲಾ ಕೇಂದ್ರಕ್ಕೆ ಬರುವಷ್ಟರಲ್ಲಿ ಎರಡು ಗಂಟೆ ದಾಟುತ್ತದೆ. ಉಸಿರಿಲ್ಲದ ಮಗುವಿನ ಮಿದುಳು ಕಾಯುವುದು ಕೆಲವೇ ನಿಮಿಷ. ಏನೇ ಮಾಡುವುದಿದ್ದರೂ ಮೊದಲು ಸಿಕ್ಕ ಆಸ್ಪತ್ರೆಯಲ್ಲೇ ಆಗಬೇಕು, ಅಲ್ವಾ?

ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಕಂಡ ಮಾಕ್ ಡ್ರಿಲ್ ಬಗ್ಗೆ ಹೇಳುತ್ತೇನೆ. ಎಂಟು ತಿಂಗಳ ಮಗು ಅಂತ ಒಂದು ರಬ್ಬರ್ ಗೊಂಬೆ. ಡ್ಯೂಟಿ ಡಾಕ್ಟರ್, ಇಬ್ಬರು ಸಿಸ್ಟರ್, ಒಬ್ಬರು ಡಿ ಗ್ರೂಪ್ ಅಕ್ಕ. ಎಲ್ಲರೂ ಕೆಲಸ ಬಲ್ಲವರೇ. ಡಾಕ್ಟರು "ಆಕ್ಸಿಜನ್ ಕೊಡಿ" ಅಂದರು. ಯಾರಿಗೆ ಅಂದರು? ಇವರು ಹೋಗುತ್ತಾರೆ ಅಂತ ಅವರು, ಅವರು ಹೋಗುತ್ತಾರೆ ಅಂತ ಇವರು ನಿಂತರು. ಆಮೇಲೆ ನೋಡಿದರೆ ಸಿಲಿಂಡರ್ ತೆರೆಯುವ ಕೀ ಇಂಜೆಕ್ಷನ್ ರೂಮಿನ ಡ್ರಾಯರಿನಲ್ಲಿತ್ತು. ಕೈಗೆ ಸಿಕ್ಕ ಮಾಸ್ಕ್ ದೊಡ್ಡವರದ್ದು, ಗೊಂಬೆಯ ಕಣ್ಣನ್ನೂ ಮುಚ್ಚಿತು. ಮಾಸ್ಕಿಗೆ ಸಿಕ್ಕಿಸಿ ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಒತ್ತಿದಾಗ ಗಾಳಿ ಕೆನ್ನೆಯ ಪಕ್ಕದಿಂದ ಸೋರಿತು, ಎದೆ ಏಳಲಿಲ್ಲ. ಡಾಕ್ಟರು ಅಷ್ಟರಲ್ಲಿ ಬಾಯಿಯ ಮೂಲಕ ಉಸಿರಿನ ಕೊಳವೆಗೆ ಟ್ಯೂಬ್ ಹಾಕಲು ಬಗ್ಗಿದ್ದರು. ಎಷ್ಟು ಹೊತ್ತಾಯಿತು ಅಂತ ಯಾರೂ ಹೇಳಲಿಲ್ಲ.

ಡ್ರಿಲ್ ಮುಗಿದ ಮೇಲೆ ಏನು ಮಾಡಬೇಕಿತ್ತು ಅಂತ ಒಬ್ಬೊಬ್ಬರನ್ನೇ ಕೇಳಿದಾಗ ಎಲ್ಲರೂ ಸರಿ ಉತ್ತರ ಕೊಟ್ಟರು. ಎದೆ ಏಳುತ್ತಿಲ್ಲ ಅನ್ನುವುದು ಮೊದಲು ಕಂಡದ್ದು ಡಿ ಗ್ರೂಪ್ ಅಕ್ಕನಿಗೆ. "ಡಾಕ್ಟ್ರಿಗೆ ನಾನು ಹೇಳೋದಾ ಅಂತ ಸುಮ್ನಾದೆ" ಅಂದರು. ವಾಲಿಬಾಲಿನಲ್ಲಿ ಆರು ಜನ ಒಳ್ಳೆಯ ಆಟಗಾರರಿದ್ದರೂ "ನಂದು" ಅಂತ ಯಾರೂ ಕೂಗದಿದ್ದರೆ ಚೆಂಡು ನಡುವೆ ಬೀಳುತ್ತದಲ್ಲ, ಹಾಗಾಯಿತು.

ಕೂತು ಮಾತಾಡಿ ಮತ್ತೆ ಮಾಡಿದಾಗ ಕತ್ತು ಬಗ್ಗಿ ಉಸಿರಿನ ದಾರಿ ಮುಚ್ಚದ ಹಾಗೆ ಭುಜದ ಕೆಳಗೆ ಮಡಚಿದ ಟವೆಲ್ ಬಂತು. ಸಣ್ಣ ಮಾಸ್ಕ್ ಬಂತು. ಒಬ್ಬರು ಎರಡೂ ಕೈಯಲ್ಲಿ ಮಾಸ್ಕ್ ಹಿಡಿದರು, ಇನ್ನೊಬ್ಬರು ಬ್ಯಾಗ್ ಒತ್ತಿದರು. ಹೆಸರು ಹಿಡಿದು ಕೆಲಸ ಹೇಳಿದರು, ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಿ ಮಾಡಿದರು. ಎದೆ ಎದ್ದಿತು. ಒಂದು ರೂಪಾಯಿಯ ಹೊಸ ಸಾಮಾನು ತರಿಸಿರಲಿಲ್ಲ.

ಟ್ಯೂಬ್ ಹಾಕಿದರೇ ದೊಡ್ಡ ಡಾಕ್ಟರು ಅನ್ನುವ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಅಮೆರಿಕದ ಲಾಸ್ ಏಂಜಲೀಸ್ ಮತ್ತು ಆರೆಂಜ್ ಕೌಂಟಿಗಳಲ್ಲಿ 12 ವರ್ಷದವರೆಗಿನ 830 ಮಕ್ಕಳ ಮೇಲೆ ನಡೆದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಆಂಬುಲೆನ್ಸ್ ಸಿಬ್ಬಂದಿ ಟ್ಯೂಬ್ ಹಾಕಲು ಹೋದ ಮಕ್ಕಳಿಗೂ ಬರೀ ಮಾಸ್ಕ್ ಇಟ್ಟು ಬ್ಯಾಗ್ ಒತ್ತಿದ ಮಕ್ಕಳಿಗೂ ಬದುಕುಳಿಯುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಟ್ಯೂಬ್ ಬೇಡ ಅಂತಲ್ಲ. ಅದನ್ನು ಹಾಕುವ ಗಡಿಬಿಡಿಯಲ್ಲಿ ಉಸಿರು ನಿಲ್ಲಬಾರದು ಅಷ್ಟೇ.

ಹುಟ್ಟಿದ ಕೂಡಲೇ ಅಳದ ಕೂಸಿಗಾದರೆ 2009ರಿಂದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದ ತರಬೇತಿ ಇದೆ. ಹೆರಿಗೆ ಕೋಣೆಯ ಸಿಸ್ಟರ್‌ಗಳಿಗೆ ಅದರಿಂದ ತುಂಬಾ ಧೈರ್ಯ ಬಂದಿದೆ. ಒಂದು ವರ್ಷದ, ನಾಲ್ಕು ವರ್ಷದ ಮಗು ಕ್ಯಾಶುವಾಲ್ಟಿಗೆ ಬಂದಾಗ ಆ ಧೈರ್ಯ ನಾನು ಕಂಡಿಲ್ಲ. ತರಬೇತಿ ಆದವರಲ್ಲೂ ಕೈಯ ಹದ ಕೆಲವೇ ತಿಂಗಳಲ್ಲಿ ಹೋಗುತ್ತದೆ. ನಮ್ಮಲ್ಲಿ ಟ್ರಾನ್ಸ್‌ಫರ್ ಬೇರೆ. ಕಲಿತವರು ಕಡೂರಿಗೆ, ಗೊಂಬೆ ಸ್ಟೋರ್ ರೂಮಿಗೆ.

ನಾನು ಕೇಳುವುದು ಇಷ್ಟು. ಮೂರು ತಿಂಗಳಿಗೊಮ್ಮೆ ಪ್ರತಿ ತಾಲ್ಲೂಕಿನ ಆಸ್ಪತ್ರೆಯಲ್ಲಿ, ಅಲ್ಲೇ ಕ್ಯಾಶುವಾಲ್ಟಿಯಲ್ಲಿ, ಅಲ್ಲಿನ ಸಾಮಾನಿನಿಂದಲೇ ಒಂದು ಡ್ರಿಲ್ ನಡೆಯಲಿ. ಆ ಶಿಫ್ಟಿನಲ್ಲಿ ಇದ್ದವರೇ ಮಾಡಲಿ, ರಾತ್ರಿ ಪಾಳಿಯವರನ್ನು ಬಿಡಬೇಡಿ. 108ರ ಸಿಬ್ಬಂದಿಯನ್ನೂ ಸೇರಿಸಿ. ಚಿಕ್ಕಮಗಳೂರಿನ ವೈದ್ಯಕೀಯ ಕಾಲೇಜಿನಿಂದ ಮಕ್ಕಳ ವಿಭಾಗದ ಒಬ್ಬರು, ಅರಿವಳಿಕೆ ವಿಭಾಗದ ಒಬ್ಬರು ಬಂದು ಬೇರೆ ಬೇರೆಯಾಗಿ ಅಂಕ ಹಾಕಲಿ. ಇಬ್ಬರ ಅಂಕ ತೀರಾ ಬೇರೆ ಬಂದರೆ ಅಳೆಯುವ ಪಟ್ಟಿಯನ್ನೇ ಸರಿ ಮಾಡಬೇಕು. ಮೊದಲ ಉಸಿರಿಗೆ ಎಷ್ಟು ಹೊತ್ತು, ಎದೆ ಎದ್ದಿತಾ, ಮುಂದಾಳು ಯಾರು ಅಂತ ಎಲ್ಲರಿಗೂ ಗೊತ್ತಿತ್ತಾ, ತಪ್ಪು ಕಂಡವರು ಬಾಯಿಬಿಟ್ಟರಾ, ಇಷ್ಟು ನೋಡಿದರೂ ಸಾಕು. ಡ್ರಿಲ್ ಹತ್ತು ನಿಮಿಷ ಆದರೆ ಆಮೇಲಿನ ಮಾತುಕತೆ ಅರ್ಧ ಗಂಟೆ ಆಗಲಿ, ಕಲಿಯುವುದು ಅಲ್ಲೇ ಜಾಸ್ತಿ.

ಅಂಕ ತಂಡಕ್ಕೆ ಬರಲಿ, ಒಬ್ಬೊಬ್ಬರಿಗೆ ಬೇಡ. ಕಡಿಮೆ ಬಂತು ಅಂತ ಯಾರಿಗೂ ನೋಟಿಸ್ ಹೋಗಬಾರದು. ಒಂದು ನೋಟಿಸ್ ಹೋದರೆ ಸಾಕು, ಮುಂದಿನ ಸಲ ಡ್ರಿಲ್ ಕಾಗದದ ಮೇಲೇ ಮುಗಿದಿರುತ್ತದೆ. ನಮ್ಮ ಇಲಾಖೆ ನನಗೆ ಗೊತ್ತು. ಕೀ ಇಲ್ಲ, ಸಣ್ಣ ಮಾಸ್ಕ್ ಇಲ್ಲ, ಬ್ಯಾಟರಿ ಸತ್ತಿದೆ ಅಂತ ಕಂಡರೆ ಮಾತ್ರ ಆಡಳಿತ ವೈದ್ಯಾಧಿಕಾರಿಗಳು ವಾರದೊಳಗೆ ಸರಿ ಮಾಡಿ ಬರೆದು ಕೊಡಲಿ.

ಮೊದಲ ಸುತ್ತನ್ನು ಕಳಸ, ಶೃಂಗೇರಿ, ಕೊಪ್ಪದಿಂದ ಶುರು ಮಾಡಿಸಿ, ಮೇ ತಿಂಗಳೊಳಗೆ ಮುಗಿಸಿ. ಮಳೆ ಹಿಡಿದ ಮೇಲೆ ಕಾಲೇಜಿನವರು ಅಲ್ಲಿಗೆ ಹೋಗಿ ಬರುವುದೂ ಕಷ್ಟ, ಅಲ್ಲಿನ ಮಗುವನ್ನು ಇಲ್ಲಿಗೆ ತರುವುದೂ ಕಷ್ಟ.

ಇಂತಿ ನಮಸ್ಕಾರಗಳೊಂದಿಗೆ,
ನಿವೃತ್ತ ಶುಶ್ರೂಷಾಧಿಕಾರಿ, ಮೂಡಿಗೆರೆ