ಚೀನಿಕಾಯಿಗೆ ಕಣ್ಣು, ಬಾಯಿ

ಸಾಗರ ತಾಲ್ಲೂಕು
ನವೆಂಬರ್ 6, 2024

ಪುಟ್ಟೀ,

ನೀನು ಕಳಿಸಿದ ಹ್ಯಾಲೋವೀನ್ ಫೋಟೋಕ್ಕೆ ಬರೀ ಹೆಬ್ಬೆಟ್ಟಿನ ಗುರುತು ಹಾಕಿ ಸುಮ್ಮನಾದೆ ಅಂತ ನಿನಗೆ ಬೇಜಾರಂತೆ, ಅಪ್ಪ ಹೇಳಿದರು. ಸಿಟ್ಟೇನೂ ಇಲ್ಲ ಮಾರಾಯ್ತಿ. ಆ ಪುಟ್ಟ ಸ್ಕ್ರೀನಿನ ಮೇಲೆ ಕುಟ್ಟುತ್ತಾ ಕೂರುವ ತಾಳ್ಮೆ ನನಗಿಲ್ಲ, ಅಷ್ಟೇ. ಅದಕ್ಕೇ ಈ ಕಾಗದ.

ಮಗು ಕರೀ ಟೊಪ್ಪಿ ಹಾಕಿಕೊಂಡು ಮಾಟಗಾತಿ ಆಗಿದ್ದು ಚೆನ್ನಾಗಿತ್ತು. ಮೂಗಿನ ಮೇಲೆ ಆ ಮಚ್ಚೆ ಇಟ್ಟವರು ಯಾರು, ನೀನಾ, ಅಳಿಯಂದಿರಾ? ನನ್ನ ಕಣ್ಣು ಮಾತ್ರ ಅವಳ ಪಕ್ಕದ ಚೀನಿಕಾಯಿ, ನೀವನ್ನುವ ಸಿಹಿಕುಂಬಳ, ಅದರ ಮೇಲೇ ಇತ್ತು. ಕಣ್ಣು, ಹಲ್ಲು ಕೊರೆದು ಒಳಗೆ ದೀಪ ಇಟ್ಟಿದ್ದೀರಿ. ಸರಿ, ತಿರುಳು ಏನಾಯಿತು? ಎಸೆದೆ ಅಂತ ಮಾತ್ರ ಹೇಳಬೇಡ.

ಈ ಸಲ ಅಕ್ಟೋಬರ್ 31ಕ್ಕೇ ನರಕ ಚತುರ್ದಶಿ ಬಂದಿತ್ತಲ್ಲ. ನೀನು ಅಲ್ಲಿ ಕೊರೆಯುವ ಹೊತ್ತಿಗೆ ನಾನಿಲ್ಲಿ ತುರಿಯುತ್ತಿದ್ದೆ. ಅಕ್ಕಿ ತರಿ, ಬೆಲ್ಲ, ಏಲಕ್ಕಿ ಕಲಸಿ ಬಾಳೆಎಲೆಯಲ್ಲಿ ಮಡಚಿ ಬೇಯಿಸಿದೆ. ಎಲೆ ಬಿಚ್ಚುವಾಗ ಹಬೆ ಹೊಡೆದು ಕನ್ನಡಕ ಮಂಜಾಯಿತು. ಇಬ್ಬರಿಗೆ ಹದಿನಾಲ್ಕು ಕಡುಬು. ಬಸ್ಸಿನ ಟಿಕೆಟ್ ಸಿಗಲಿಲ್ಲ ಅಂದೆ, ನಂಬಿದ್ದೇನೆ.

ಚೀನಿಕಾಯಿ ಅಂತೀವಿ, ಆದರೆ ಅದು ಚೀನಾದ್ದಲ್ಲ. ಅಮೆರಿಕ ಖಂಡದ ಬೆಳೆ. ಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆ ಎಲ್ಲಾ ಆ ಕಡೆಯವೇ, ಯುರೋಪಿನವರ ಹಡಗು ಹತ್ತಿ ಬಂದವು. ಬಂದು ನಮ್ಮ ಹೆಸರು ಇಟ್ಟುಕೊಂಡವು, ನಮ್ಮ ಬೆಲ್ಲದಲ್ಲಿ ಬೆಂದವು. ಹೊರಗಿಂದ ಬಂದದ್ದೆಲ್ಲ ಬೇಡ ಅಂತ ಹೊರಟರೆ ನಮ್ಮ ಅಡುಗೆಮನೆ ಅರ್ಧ ಖಾಲಿ. ಹಾಗಾಗಿ ಮಕ್ಕಳು ವೇಷ ಹಾಕಿ ರಾತ್ರಿ ಮನೆಮನೆಗೆ ಹೋಗಿ ಮಿಠಾಯಿ ಕೇಳುವ ನಿಮ್ಮ ಹ್ಯಾಲೋವೀನ್ ಮೇಲೆ ನನಗೆ ಕೋಪವಿಲ್ಲ.

ನನಗೆ ಚುಚ್ಚಿದ್ದು ಮಗು ಫೋನಿನಲ್ಲಿ ಕೇಳಿದ ಮಾತು. "ಅಜ್ಜೀ, ನಿಮ್ಮೂರಲ್ಲಿ ರಾತ್ರಿ ಮನೆಮನೆಗೆ ಹೋಗೋದು ಇಲ್ವಾ?" ಅಂದಳು. ನನಗೆ ತಕ್ಷಣ ಏನೂ ಹೊಳೆಯಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದವಳು, "ಇಲ್ಲ ಪುಟ್ಟಾ" ಅಂದುಬಿಟ್ಟೆ!

ಶನಿವಾರ ಪಾಡ್ಯದ ರಾತ್ರಿ ಹನ್ನೊಂದಾಗಿತ್ತು. ನಾಯಿ ಬೊಗಳಿತು. ಅಂಗಳದಲ್ಲಿ ಅಂಟಿಗೆ-ಪಂಟಿಗೆಯವರು, ದೀಪ ಹಿಡಿದು ಪದ ಹೇಳುತ್ತಾ ಮನೆಮನೆಗೆ ಬರುತ್ತಾರಲ್ಲ, ಅವರು. ಒಟ್ಟು ಐದೇ ಜನ. ಬಲೀಂದ್ರನ ದೀಪ ಹಿಡಿದವರಿಗೆ ಅಪ್ಪನಿಗಿಂತ ಜಾಸ್ತಿ ವಯಸ್ಸು. ಗಾಳಿಗೆ ಆರದ ಹಾಗೆ ಅಂಗೈ ಅಡ್ಡ ಹಿಡಿದಿದ್ದರು. ಬಾಗಿಲು ತೆಗೆಯುವ ಪದ ಮುಗಿಯುವ ತನಕ ನಾವು ಒಳಗೇ ನಿಂತಿದ್ದೆವು, ಹಾಗಲ್ವಾ ರೂಢಿ. ಆಮೇಲೆ ದೀಪಕ್ಕೆ ಎಣ್ಣೆ ಹೊಯ್ದೆ, ಅಕ್ಕಿ, ದುಡ್ಡು, ಉಳಿದಿದ್ದ ಕಡುಬು ಕೊಟ್ಟೆ. ಎಣ್ಣೆ ಹೊಯ್ಯುವಾಗ ಮಗುವಿನ ಮಾತು ನೆನಪಾಗಿ ಕೈ ನಡುಗಿತು. ರಾತ್ರಿ ಮನೆಮನೆಗೆ ಹೋಗುವುದು ಅಂದರೆ ಇದೇ ತಾನೇ?

ಹ್ಯಾಲೋವೀನೂ ಹೀಗೇ ಒಂದು ಹಳ್ಳಿ ಹಬ್ಬ. ಬೇರು ಐರ್ಲೆಂಡಿನಲ್ಲಿದೆ. ಸುಗ್ಗಿ ಮುಗಿದು ಚಳಿ ಶುರುವಾಗುವಾಗ ಸತ್ತವರು ಮನೆ ಕಡೆ ಬರುತ್ತಾರೆ ಅನ್ನುವ ನಂಬಿಕೆ. ಅಲ್ಲಿ ಕೊರೆಯುತ್ತಿದ್ದದ್ದು ಟರ್ನಿಪ್ ಗಡ್ಡೆ. 1845ರಲ್ಲಿ ಅವರ ಆಲೂಗಡ್ಡೆಗೆ ಕೊಳೆ ಬಂತು. ನಮ್ಮ ಅಡಿಕೆಗೆ ಕೊಳೆ ತರುತ್ತದಲ್ಲ, ಅಪ್ಪ ಮಳೆಗಾಲ ಪೂರ್ತಿ ಬೋರ್ಡೋ ಔಷಧಿ ಹೊಡೆಸಿ ಹೊಡೆಸಿ ಬೈಯುವ ಆ ಫೈಟಾಫ್ತೊರಾ ರೋಗಾಣು, ಇದೂ ಅದೇ ಕುಲದ್ದು. ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟೇ ಜನ ಊರು ಬಿಟ್ಟರು, ಎಷ್ಟೋ ಮಂದಿ ಅಮೆರಿಕಕ್ಕೆ ಹೋದರು. ಅಲ್ಲಿ ಗಡ್ಡೆಗಿಂತ ಚೀನಿಕಾಯಿ ಕೊರೆಯುವುದು ಸುಲಭವಾಯಿತು. ಹಸಿದವರ ಗಂಟಿನಲ್ಲಿ ಹೋದ ಹಬ್ಬವನ್ನು ಆಮೇಲೆ ಅಮೆರಿಕದ ಸಿನಿಮಾ, ಟಿವಿ, ಅಂಗಡಿಗಳು ಊರೂರಿಗೆ ಹೊತ್ತವು. ನಿಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನವರೆಗೂ ಬಂತು.

ಅವರ ಕಥೆ, ಅವರ ಹಾಡು ನಮ್ಮದಕ್ಕಿಂತ ಮೇಲು ಅಂತ ಅಷ್ಟು ದೂರ ಹೋದದ್ದಲ್ಲ, ಹೊರುವವರಿದ್ದರು. ಸಿನಿಮಾವನ್ನೇ ನೋಡು. ದುಡ್ಡು ಕೊಟ್ಟ ಜನರೆದುರು ಲೂಮಿಯೇರ್ ಸಹೋದರರು ಅದನ್ನು ತೋರಿಸಿದ್ದು 1895ರಲ್ಲಿ, ಪ್ಯಾರಿಸ್ಸಿನಲ್ಲಿ. ಆಮೇಲೆ ಎರಡು ಮಹಾಯುದ್ಧ ನಡೆದು ಯುರೋಪು ಸೊರಗಿತು, ಹಾಲಿವುಡ್ ಕೊಬ್ಬಿತು. 1946ರಲ್ಲಿ ಅಮೆರಿಕ ಫ್ರಾನ್ಸಿನ ಸಾಲ ಮನ್ನಾ ಮಾಡಿದಾಗ, "ನಮ್ಮ ಸಿನಿಮಾಗಳಿಗೆ ನಿಮ್ಮ ಥಿಯೇಟರ್ ಬಿಟ್ಟುಕೊಡಿ" ಅನ್ನುವುದೂ ಆ ಒಪ್ಪಂದದಲ್ಲಿತ್ತು. ಬಾಗಿಲು ತೆಗೆಯುವ ಪದವನ್ನು ಅವರು ಸಾಲದ ಪತ್ರ ಹಿಡಿದು ಹಾಡಿದರು ನೋಡು!

ಅಂಟಿಗೆಯವರ ಜೊತೆ ಬಂದಿದ್ದ ಹುಡುಗನ ಅಂಗಿಯ ಮೇಲೆ ಬಿಟಿಎಸ್ ಅಂತಿತ್ತು. ಕೊರಿಯಾದ ಹಾಡುಗಾರರ ತಂಡವಂತೆ, ಅವರಿಗೆ ಇಂಗ್ಲಿಷಿನ ಹಂಗಿಲ್ಲವಂತೆ. ಹೌದು ಅಂತ ಒಪ್ಪಿ, ಆಮೇಲೆ ಹುಡುಕಿ ನೋಡಿದೆ. ಅಮೆರಿಕದ ಬಿಲ್‌ಬೋರ್ಡ್ ಹಾಡುಗಳ ಪಟ್ಟಿಯಲ್ಲಿ ಅವರು ಮೊದಲ ಸಲ ಒಂದನೇ ಸ್ಥಾನಕ್ಕೆ ಏರಿದ್ದು 2020ರಲ್ಲಿ, ಅದೂ ಪೂರ್ತಿ ಇಂಗ್ಲಿಷಿನ ಹಾಡಿನಿಂದ. ಸ್ವೀಡನ್ನಿನ ಅಬ್ಬಾ ತಂಡ 1974ರಲ್ಲಿ ಯೂರೋವಿಷನ್ ಹಾಡಿನ ಸ್ಪರ್ಧೆ ಗೆದ್ದದ್ದೂ ಇಂಗ್ಲಿಷಿನಲ್ಲೇ ಹಾಡಿ. ಹುಡುಗನಿಗೆ ಹೇಳಲು ಹೋಗಲಿಲ್ಲ. ಪಾಪ, ಪದ ಚೆನ್ನಾಗಿ ಹಾಡಿದ.

ಹೊರಗಿನದು ಅಮೆರಿಕದ ಮೂಲಕವೇ ಬರಬೇಕು ಅಂತೇನೂ ಇಲ್ಲ. ನಾನು ಹುಡುಗಿಯಾಗಿದ್ದಾಗ ಹೆಗ್ಗೋಡಿನಲ್ಲಿ ನೀನಾಸಂ ನಾಟಕ ಸಂಘದವರು ಕುರೊಸಾವಾ ಅನ್ನುವ ನಿರ್ದೇಶಕನ ಜಪಾನಿ ಸಿನಿಮಾ ಹಾಕಿದ್ದರು, ಒಂದೇ ಘಟನೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುವ ಕಥೆ. ತೋಟದ ಕೆಲಸ ಮುಗಿಸಿ ಬಂದವರೆಲ್ಲ ಕೂತು ನೋಡಿದೆವು. ವಾಪಸ್ ನಡೆಯುವಾಗ ನಿನ್ನಜ್ಜ ದಾರಿಯುದ್ದಕ್ಕೂ ಸುಳ್ಳು ಹೇಳಿದವರು ಯಾರು ಅಂತ ವಾದ ಮಾಡಿದ್ದರು. ಜಪಾನ್ ಎಲ್ಲಿದೆ ಅಂತ ಅವರಿಗೆ ಗೊತ್ತಿರಲಿಲ್ಲ.

ಇನ್ನೊಂದು. ನಮ್ಮ ಕುಪ್ಪಳಿಯ ಕುವೆಂಪು ಮೊದಲು ಬರೆದದ್ದು ಇಂಗ್ಲಿಷ್ ಪದ್ಯ, 1922ರಲ್ಲಿ ಪುಸ್ತಕವೂ ಬಂದಿತ್ತು. ನಿಮ್ಮ ಭಾಷೆಯಲ್ಲಿ ಬರೀರಿ ಅಂತ ಅವರಿಗೆ ಹೇಳಿದವನು ಜೇಮ್ಸ್ ಕಸಿನ್ಸ್. ಐರ್ಲೆಂಡಿನವನು. ಆ ಹೊತ್ತಿಗಾಗಲೇ ಇಂಗ್ಲಿಷಿಗೆ ತಮ್ಮ ಭಾಷೆ ಬಹುಪಾಲು ಕಳೆದುಕೊಂಡಿದ್ದ ನಾಡಿನವನು. ಮೊನ್ನೆ ರಾತ್ರಿ ಇದು ನೆನಪಾಗಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಅವರ ಹಳ್ಳಿ ಹಬ್ಬ ಗ್ಲೋಬಲ್ ಆಯಿತು. ನಮ್ಮದು ಜಾನಪದ ಅನ್ನಿಸಿಕೊಂಡು ಅಕಾಡೆಮಿಯ ವೇದಿಕೆ ಹತ್ತುತ್ತದೆ. ನನ್ನ ಹೊಟ್ಟೆಕಿಚ್ಚು ಇಷ್ಟೇ.

ನಾಳೆ ಪಕ್ಕದ ಮನೆಯವರು ಬೆಂಗಳೂರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಒಂದು ಚೀನಿಕಾಯಿ ಕಳಿಸುತ್ತೇನೆ. ಮಗು ಕೊರೆಯುವುದಾದರೆ ಕೊರೆಯಲಿ. ತಿರುಳು ತುರಿದಿಟ್ಟುಕೋ, ಕಡುಬಿನ ಅಳತೆ ಫೋನಿನಲ್ಲಿ ಹೇಳುತ್ತೇನೆ. ಬೀಜ ಬೂದಿಯಲ್ಲಿ ಹೊರಳಿಸಿ ಒಣಗಿಸು, ಬೂದಿ ಎಲ್ಲಿ ಸಿಗಬೇಕು ಅಲ್ಲಿ, ಸುಮ್ನೆ ಬಿಸಿಲಿಗೆ ಹಾಕು. ಅಂಟಿಗೆಯವರ ಪದವನ್ನು ಅಪ್ಪ ರೆಕಾರ್ಡ್ ಮಾಡಿದ್ದಾರೆ, ಕಳಿಸುತ್ತಾರೆ. ಮೊದಲ ಎರಡು ನಿಮಿಷ ಬರೀ ನಮ್ಮ ನಾಯಿ. ಓಡಿಸಬೇಡ, ಮಗುವಿಗೆ ಅದನ್ನೂ ಕೇಳಿಸು.

ಇತಿ,
ಅಮ್ಮ