ಕೊಡೆಪ್ಪನಿಗೆ, ಕಾವೆಂಟ್ರಿಯಿಂದ

ಪ್ರಿಯ ಕೊಡೆಪ್ಪ,

ನಿನ್ನ ಪ್ರಶ್ನೆಗೆ ಹದಿನೆಂಟು ದಿನ ಉತ್ತರ ಬರೆಯದೆ ಕುಳಿತಿದ್ದೆ. ಈಗ ಎಲ್ಲರೂ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ. ಖಾಸಗಿಯಾಗಿ ಬರೆದರೆ ನೀನು ‘ಹೂಂ’ ಎಂದಷ್ಟೇ ಕಳಿಸುತ್ತೀಯ. ನಾಲ್ಕು ಜನರೆದುರು ಬರೆದರೆ ಮರ್ಯಾದೆಗಾದರೂ ಎರಡು ಸಾಲು ಬರೆದೀಯ ಎಂಬ ಆಸೆ. ಓದುತ್ತಿರುವ ಉಳಿದವರಲ್ಲಿ ಒಂದು ವಿನಂತಿ: ಕೊಡೆ, ಸಾಗರದ ಬಸ್ಸು, ಎರಡನೆಯ ವಡೆ, ಇವುಗಳ ಅರ್ಥವನ್ನು ಕೇಳಬೇಡಿ. ಹೇಳಿದರೆ ಇವನು ಶಿವಮೊಗ್ಗದಲ್ಲಿ ತಲೆಯೆತ್ತಿ ತಿರುಗುವಂತಿಲ್ಲ.

ನೀನು ಕೇಳಿದ್ದು ಸರಳವಾಗಿತ್ತು. ಇಲ್ಲಿ ಬ್ರಿಟನ್ನಿನ ಕೋವಿಡ್ ವಿಚಾರಣಾ ಆಯೋಗ 2025ರ ನವೆಂಬರಿನಲ್ಲಿ ಕೊಟ್ಟ ವರದಿಯ ಸುದ್ದಿಯನ್ನು ನೀನು ಓದಿದ್ದೆ. ಒಂದೇ ಒಂದು ವಾರ ಮೊದಲು ಲಾಕ್‌ಡೌನ್ ಮಾಡಿದ್ದರೆ ಇಂಗ್ಲೆಂಡಿನಲ್ಲಿ ಮೊದಲ ಅಲೆಯಲ್ಲೇ ಸುಮಾರು 23,000 ಜೀವಗಳು ಉಳಿಯುತ್ತಿದ್ದವು ಎನ್ನುತ್ತದೆ ಅದು. “ನಿಮ್ಮ ಆ ಜನ ಇದನ್ನೆಲ್ಲ ಹೇಗೆ ಸಹಿಸಿಕೊಂಡರು ಮಾರಾಯ?” ಎಂದು ಕೇಳಿದೆ ನೀನು.

ಸಹಿಸಿಕೊಂಡರು ಎಂದು ಯಾರು ಹೇಳಿದರು? ಇಲ್ಲಿಯವರ ಸಿಟ್ಟಿಗೆ ಸದ್ದಿಲ್ಲ, ಅಷ್ಟೇ. ನಮ್ಮದು ಕುಕ್ಕರಿನ ಸಿಟ್ಟು, ಬೀದಿಗೆಲ್ಲ ಕೇಳಿಸುತ್ತದೆ. ಇವರದು ಹೆಪ್ಪು ಹಾಕಿಟ್ಟ ಹಾಲು. ರಾತ್ರಿಯೆಲ್ಲ ನೋಡುತ್ತ ಕುಳಿತರೂ ಏನೂ ಆದಂತೆ ಕಾಣುವುದಿಲ್ಲ. ಬೆಳಿಗ್ಗೆ ಮುಚ್ಚಳ ತೆಗೆದರೆ ಅದು ಹಾಲಾಗಿ ಉಳಿದಿರುವುದಿಲ್ಲ. 2020ರ ಮಾರ್ಚ್ 23ರ ರಾತ್ರಿ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಟಿವಿಯಲ್ಲಿ ಬಂದು ಮನೆಯಲ್ಲೇ ಇರಿ ಎಂದಾಗ ಜನ ಮನೆಯಲ್ಲೇ ಇದ್ದರು. ಜನ ಬೇಗ ಬೇಸತ್ತು ನಿಯಮ ಮುರಿಯುತ್ತಾರೆ ಎಂಬ ಆತಂಕ ಅಧಿಕಾರದಲ್ಲಿದ್ದವರಿಗಿತ್ತಂತೆ. ಬೇಸತ್ತು ನಿಯಮ ಮುರಿದವರು ಅವರೇ.

ಹೆಪ್ಪಿನ ಮೊದಲ ಹನಿ ಬಿದ್ದದ್ದು ಮೇ 25ರಂದು. ಡೊಮಿನಿಕ್ ಕಮಿಂಗ್ಸ್ ನೆನಪಿದ್ದಾನಲ್ಲ? ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡಬೇಕೆಂಬ ಬ್ರೆಕ್ಸಿಟ್ ಪ್ರಚಾರದ ಮಿದುಳು, ‘ನಿಯಂತ್ರಣ ಮರಳಿ ಪಡೆಯೋಣ’ ಎಂಬ ಘೋಷಣೆಯ ಹಿಂದಿದ್ದವನು, ಆಗ ಪ್ರಧಾನಿಯ ಮುಖ್ಯ ಸಲಹೆಗಾರ. ಹೆಂಡತಿಗೆ ಹುಷಾರಿಲ್ಲದಾಗ ಲಂಡನ್ನಿನಿಂದ ಡರಮ್‌ವರೆಗೆ 260 ಮೈಲಿ ಕಾರು ಓಡಿಸಿಕೊಂಡು ಹೋಗಿದ್ದ. ಅಲ್ಲಿಂದ ಬಾರ್ನಾರ್ಡ್ ಕಾಸಲ್ ಎಂಬ ಚೆಂದದ ಊರಿಗೂ ಹೋಗಿ ಬಂದಿದ್ದ. ಏಕೆಂದರೆ, ಕಣ್ಣು ಸರಿಯಾಗಿ ಕಾಣುತ್ತಿದೆಯೇ ಎಂದು ನೋಡಲು! ಹೆಂಡತಿ ಮಗುವನ್ನು ಕೂರಿಸಿಕೊಂಡು ಕಾರು ಓಡಿಸಿ ಕಣ್ಣು ಪರೀಕ್ಷೆ. ಪ್ರಧಾನಿಯ ಮನೆಯ ಗುಲಾಬಿ ತೋಟದಲ್ಲಿ ಮೇಜು ಹಾಕಿಕೊಂಡು ಇದನ್ನು ಗಂಭೀರವಾಗಿ ಹೇಳಿದ. ದೇಶ ನಕ್ಕಿತು, ಒಂದು ಬಿಯರ್ ಕಂಪನಿ ಅದೇ ಊರಿನ ಹೆಸರಿನಲ್ಲಿ ಬಿಯರನ್ನೂ ತಂದಿತು. ಆದರೆ ತಾಯಿಯ ಅಂತ್ಯಕ್ರಿಯೆಯನ್ನು ಮೊಬೈಲಿನಲ್ಲಿ ನೋಡಿದ್ದ ನನ್ನ ಸಹೋದ್ಯೋಗಿಯೊಬ್ಬ ನಗಲಿಲ್ಲ. ಅಂದಿನಿಂದ ಅವನು ಊಟದ ವೇಳೆ ರಾಜಕೀಯ ಮಾತನಾಡಿದ್ದನ್ನೇ ನಾನು ಕೇಳಿಲ್ಲ. ಅದು ಇಲ್ಲಿಯ ಸಿಟ್ಟು.

ಉಳಿದದ್ದು ನಿನಗೆ ಗೊತ್ತು. ಜನ ಮನೆಯೊಳಗಿದ್ದ ಕಾಲದಲ್ಲಿ ಪ್ರಧಾನಿ ನಿವಾಸದಲ್ಲೂ ಸರ್ಕಾರಿ ಕಚೇರಿಗಳಲ್ಲೂ ನಡೆದ ಪಾರ್ಟಿಗಳು, ಪೊಲೀಸರು ಹಾಕಿದ 126 ದಂಡಗಳು, ಅದರಲ್ಲಿ ಜಾನ್ಸನ್‌ಗೊಂದು, ರಿಷಿ ಸುನಕ್‌ಗೊಂದು. 2021ರ ಏಪ್ರಿಲ್ 17ರಂದು ಎಪ್ಪತ್ತಮೂರು ವರ್ಷ ಜೊತೆಗಿದ್ದ ಗಂಡನ ಅಂತ್ಯಕ್ರಿಯೆಯಲ್ಲಿ ರಾಣಿ ಕಪ್ಪು ಮಾಸ್ಕ್ ಹಾಕಿ ಒಂಟಿಯಾಗಿ ಕುಳಿತಿದ್ದ ಚಿತ್ರ, ಅದರ ಹಿಂದಿನ ರಾತ್ರಿ ಪ್ರಧಾನಿ ನಿವಾಸದಲ್ಲಿ ಬೀಳ್ಕೊಡುಗೆಯ ಕುಡಿತ. ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ಹಾಲು ಪೂರ್ತಿ ಹೆಪ್ಪುಗಟ್ಟಿತು. 2022ರ ಜುಲೈನಲ್ಲಿ ಜಾನ್ಸನ್ ರಾಜೀನಾಮೆ ಸಾರಿದ.

ಇಷ್ಟು ಬರೆದು ನಿಲ್ಲಿಸಿದ್ದರೆ ಇದು ಒಳ್ಳೆಯ ಪತ್ರವಾಗುತ್ತಿತ್ತು. ಡಿಸೆಂಬರಿನಲ್ಲಿ ನಿನ್ನ ಭಾವಮೈದುನ ಬಂದಿದ್ದಾಗ ಅವನೆದುರು ಇದನ್ನೇ ಹೇಳಿದ್ದೆ, ಇದೇ ಕ್ರಮದಲ್ಲಿ, ಇದೇ ಹಾಲಿನ ಉಪಮೆಯ ಸಮೇತ. ಲಂಡನ್ನಿನಲ್ಲಿ ಬಸವಣ್ಣನ ಪ್ರತಿಮೆ ನೋಡಬೇಕೆಂದ. ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಥೇಮ್ಸ್ ದಂಡೆಯ ಮೇಲೆ ನಡೆದು ಹೋದರೆ, ಬಸವಣ್ಣ ಸಿಗುವ ಮುನ್ನ ಅರ್ಧ ಕಿಲೋಮೀಟರು ಉದ್ದದ ಗೋಡೆಯೊಂದು ಸಿಗುತ್ತದೆ. ಸತ್ತವರ ಹೆಸರಿನಲ್ಲಿ ಮನೆಯವರು, ಸ್ವಯಂಸೇವಕರು ಕೈಯಾರೆ ಬಿಡಿಸಿದ ಕೆಂಪು ಹೃದಯಗಳು. 2021ರಲ್ಲಿ ಶುರುವಾದಾಗಲೇ ಒಂದೂವರೆ ಲಕ್ಷ. ನದಿಯ ಆಚೆ ನೇರ ಎದುರಿಗೆ ಸಂಸತ್ತು. ನಾನು ಗೋಡೆಯುದ್ದಕ್ಕೂ ಭಾಷಣ ಮಾಡುತ್ತ ನಡೆದೆ. ಸರ್ಕಾರ ಹೀಗೆ ಮಾಡಿತು, ಹಾಗೆ ಮಾಡಲಿಲ್ಲ. ಅವನು ತಲೆದೂಗಿ ಕೇಳಿದ. “ಅಲ್ಲಣ್ಣ, ಇಷ್ಟು ದೊಡ್ಡ ದೇಶ, ಸಾಂಕ್ರಾಮಿಕಕ್ಕೆ ತಯಾರಿಯೇ ಇರಲಿಲ್ಲವೇ?” ಎಂದ.

ಅಲ್ಲಿ ನನ್ನ ಮಾತು ತಡವರಿಸಿತು. ಉತ್ತರ ನನಗೆ ಗೊತ್ತಿತ್ತು. ಅದೇ ಆಯೋಗದ ಮೊದಲ ವರದಿ 2024ರ ಜುಲೈನಲ್ಲಿ ಬಂದಾಗಲೇ ಓದಿದ್ದೆ. ತಯಾರಿ ಇತ್ತು, ಆದರೆ ಇನ್‌ಫ್ಲುಯೆಂಜಾಕ್ಕೆ. ಆ ತಯಾರಿಯನ್ನಾದರೂ ಮುಂದುವರಿಸಬೇಕಾಗಿದ್ದವರಲ್ಲಿ ಅನೇಕರನ್ನು ಬೇರೆ ಕೆಲಸಕ್ಕೆ ಎಳೆದುಕೊಂಡಿದ್ದರು. ಯುರೋಪಿನೊಂದಿಗೆ ಒಪ್ಪಂದವಿಲ್ಲದೆ ಹೊರಬಿದ್ದರೆ ಏನು ಗತಿ ಎಂಬ ಲೆಕ್ಕ. ಅದಕ್ಕೆ ‘ಯೆಲ್ಲೋಹ್ಯಾಮರ್’ ಎಂಬ ಹಳದಿ ಹಕ್ಕಿಯ ಹೆಸರು. ಮಾಸ್ಕು ಎಣಿಸಬೇಕಾದವರು ಲಾರಿ ಎಣಿಸುತ್ತಿದ್ದರು. ಆ ಬ್ರೆಕ್ಸಿಟ್ ತಯಾರಿಯೇ ಸಾಂಕ್ರಾಮಿಕಕ್ಕೂ ನಮ್ಮ ಮೈ ಹದಗೊಳಿಸಿತು ಎಂದು ಆಗಿನ ಸಚಿವರು ಕೆಲವರು ವಾದಿಸಿದ್ದಾರೆ. ಇರಬಹುದು. ತಾರೀಕುಗಳು ಮಾತ್ರ ಕಾಕತಾಳೀಯವಾದರೂ ನನ್ನನ್ನು ಬಿಡುವುದಿಲ್ಲ: ಬ್ರಿಟನ್ ಯುರೋಪಿನಿಂದ ಹೊರಬಂದದ್ದು 2020ರ ಜನವರಿ 31ರ ರಾತ್ರಿ ಹನ್ನೊಂದಕ್ಕೆ. ದೇಶದ ಮೊದಲ ಎರಡು ಕೋವಿಡ್ ಪ್ರಕರಣಗಳು ಖಚಿತವಾದ ಸುದ್ದಿ ಬಂದದ್ದೂ ಅದೇ ದಿನ.

ಕೊಡೆಪ್ಪ, 2016ರ ಜೂನ್ 23ರ ಜನಮತಗಣನೆಯಲ್ಲಿ ನಾನು ಹೊರಬರುವುದಕ್ಕೆ ಮತ ಹಾಕಿದೆ.

ನೀನು ಈಗ ಪತ್ರವನ್ನು ಮೇಲಕ್ಕೆ ಸರಿಸಿ ಇನ್ನೊಮ್ಮೆ ಓದುತ್ತಿರುತ್ತೀಯ. ಹೌದು, ನಾನೇ. ಮರುದಿನ ನಿನಗೆ ಫೋನ್ ಮಾಡಿ “ಈ ಜನಕ್ಕೆ ಬುದ್ಧಿ ಇಲ್ಲ” ಎಂದವನು. ನಮ್ಮ ಪಾಸ್‌ಪೋರ್ಟ್ ಭಾರತದ್ದಾದರೂ ಇಲ್ಲಿ ನೆಲೆಸಿದ ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ ನಮಗೆ ಮತವಿತ್ತು. ಬೆರಳಿಗೆ ಶಾಯಿ ಇಲ್ಲ, ಗುರುತಿನ ಚೀಟಿಯನ್ನು ಆಗ ಕೇಳುತ್ತಲೂ ಇರಲಿಲ್ಲ. ದಾರ ಕಟ್ಟಿದ ಒಂದು ಮೋಟು ಪೆನ್ಸಿಲ್. ಅದರಲ್ಲಿ ಒಂದು ಅಡ್ಡಗೀಟು. ಪಕ್ಕದ ಮನೆಯ ಪೋಲೆಂಡಿನವನು ನನಗಿಂತ ನಾಲ್ಕು ವರ್ಷ ಮೊದಲು ಬಂದವನು, ಅವನಿಗೆ ಮತವಿರಲಿಲ್ಲ.

ಕಾರಣ ಕೇಳು. ಸಾರ್ವಭೌಮತ್ವ, ಪ್ರಜಾಪ್ರಭುತ್ವ, ವಾರವಾರ ಯುರೋಪಿಗೆ ಹೋಗುತ್ತಿದೆ ಎಂದು ಪ್ರಚಾರದ ಬಸ್ಸಿನ ಮೇಲೆ ಬರೆದಿದ್ದ 35 ಕೋಟಿ ಪೌಂಡು, ಯಾವುದೂ ಅಲ್ಲ. 2015ರಲ್ಲಿ ಅಮ್ಮನ ಸಂದರ್ಶಕ ವೀಸಾ ತಿರಸ್ಕೃತವಾಗಿತ್ತು. ಅರವತ್ತೆಂಟರ ಅಮ್ಮ ತನ್ನ ಅಡಿಕೆ ತೋಟ, ಎರಡು ಹಸು, ಸತ್ಯನಾರಾಯಣ ಪೂಜೆ ಎಲ್ಲವನ್ನೂ ಬಿಟ್ಟು ಕಾವೆಂಟ್ರಿಯ ಮಂಜಿನಲ್ಲಿ ತಲೆಮರೆಸಿಕೊಂಡು ಇದ್ದುಬಿಡುತ್ತಾಳೆ ಎಂದು ಯಾವುದೋ ಕಚೇರಿಯ ಯಾರೋ ಒಬ್ಬರು ತೀರ್ಮಾನಿಸಿದ್ದರು. ಆ ಕ್ರಿಸ್‌ಮಸ್‌ಗೆ ಪಕ್ಕದ ಮನೆಯವನ ತಾಯಿ ಎಂದಿನಂತೆ ಬಂದಳು. ವೀಸಾ ಇಲ್ಲ, ಪಾಸ್‌ಪೋರ್ಟೂ ಇಲ್ಲ. ಅವರ ದೇಶದ ಗುರುತಿನ ಚೀಟಿ ತೋರಿಸಿದರಾಯಿತು. ಬಂದವಳು ನಮ್ಮ ಕಡುಬಿನಂಥ ತಿಂಡಿ, ಪಿಯೆರೋಗಿ ಎನ್ನುತ್ತಾರೆ, ಒಳಗೆ ಆಲೂಗಡ್ಡೆ, ನಾವು ಮಾಂಸ ತಿನ್ನುವುದಿಲ್ಲವೆಂದು ಬೇರೆ ಎಣ್ಣೆಯಲ್ಲಿ ಹುರಿದು ನೀಲಿ ಹೂವಿನ ತಟ್ಟೆಯಲ್ಲಿ ತಂದುಕೊಟ್ಟಳು. ತುಂಬ ರುಚಿಯಾಗಿತ್ತು. ಒಂದೊಂದು ತಿನ್ನುವಾಗಲೂ ನನ್ನ ಹೊಟ್ಟೆ ಉರಿಯಿತು. ಅದಾಗಿ ಆರು ತಿಂಗಳಿಗೆ, ಯುರೋಪಿನವರಿಗೆ ತೆರೆದ ಬಾಗಿಲು ನಿಮಗೇಕೆ ಮುಚ್ಚಿರಬೇಕು ಎಂದು ಹೊರಬರುವ ಬಣದವರು ನಮ್ಮವರನ್ನು ಕೇಳುತ್ತ ಬಂದರು. ಆಗ ಸಚಿವೆಯಾಗಿದ್ದ ಪ್ರೀತಿ ಪಟೇಲ್ ಕರಿ ಹೋಟೆಲುಗಳಿಗೆ ಬಾಣಸಿಗರು ಸಿಗುತ್ತಾರೆ ಎನ್ನುತ್ತಿದ್ದರು. ನನಗೆ ಬಾಣಸಿಗ ಬೇಕಿರಲಿಲ್ಲ. ಬೇರೆಯವರ ಅಮ್ಮನೂ ಒಂದು ಸಲ ಸಾಲಿನಲ್ಲಿ ನಿಲ್ಲಲಿ ಎನ್ನಿಸಿತ್ತು.

ಒಂದು ಕೋಟಿ ಎಪ್ಪತ್ತನಾಲ್ಕು ಲಕ್ಷದಲ್ಲಿ ನನ್ನದೊಂದು ಗೀಟು. ಅಂತರ ಹನ್ನೆರಡು ಲಕ್ಷಕ್ಕೂ ಹೆಚ್ಚು. ನಾನು ಹಾಕದಿದ್ದರೂ ಆಗುವುದು ಆಗುತ್ತಿತ್ತು, ಈ ಲೆಕ್ಕವನ್ನು ಹತ್ತು ವರ್ಷದಿಂದ ಮಾಡುತ್ತಿದ್ದೇನೆ. ಮತದ ವಿಷಯ ಹೇಗೋ ಜೀರ್ಣವಾಗಿದೆ. ಆಗದಿರುವುದು ಬೇರೆ. ಫಲಿತಾಂಶ ಬಂದ ಬೆಳಿಗ್ಗೆ ಪಕ್ಕದ ಮನೆಯವನು ಬೇಲಿಯ ಆಚೆಯಿಂದ, “ನೀವು ಮತ ಹಾಕಬಹುದಿತ್ತಲ್ಲವೇ?” ಎಂದ. “ಹಾಕಿದೆ. ಆದರೆ ನಾವು ಸೋತೆವು” ಎಂದೆ. ನಾವು! ಅವನು ಬೇಲಿಯ ಮೇಲಿಂದ ಕೈಚಾಚಿ ನನ್ನ ಭುಜ ತಟ್ಟಿ ನನಗೇ ಸಮಾಧಾನ ಹೇಳಿದ.

2020ರ ಏಪ್ರಿಲ್‌ನಲ್ಲಿ ನಮ್ಮ ಮನೆಯವರೆಲ್ಲ ಮಲಗಿದಾಗ, ಅಂಗಡಿಗಳಲ್ಲಿ ಮೈದಾ ಕೂಡ ಸಿಗದ ದಿನಗಳಲ್ಲಿ, ಬಾಗಿಲಿಗೆ ಹಿಟ್ಟು, ಪ್ಯಾರಸಿಟಮಾಲ್ ತಂದಿಟ್ಟು ಗಂಟೆ ಒತ್ತಿ ದೂರ ಹೋಗಿ ನಿಂತವನು ಅವನೇ. ಅವನ ಹೆಂಡತಿ ವೃದ್ಧರ ಆರೈಕೆ ಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಆ ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಇಂಗ್ಲೆಂಡಿನ ಆಸ್ಪತ್ರೆಗಳಿಂದ ಸುಮಾರು 25,000 ಜನರನ್ನು ಅಂಥ ಮನೆಗಳಿಗೆ ಕಳಿಸಿದರು, ಎಲ್ಲರನ್ನೂ ಪರೀಕ್ಷಿಸದೆ. ಆರೈಕೆ ಮನೆಗಳ ಸುತ್ತ ರಕ್ಷಣೆಯ ಬಳೆ ಹಾಕಿದ್ದೇವೆ ಎಂದು ಆರೋಗ್ಯ ಸಚಿವ ಹೇಳಿದ ದಿನ ಅವಳು ಪಾಳಿ ಮುಗಿಸಿ ಬಂದು ಕಾರಿನಿಂದ ಇಳಿಯದೆ ಅರ್ಧ ಗಂಟೆ ಕುಳಿತಿದ್ದಳು. ನಮ್ಮ ಕಿಟಕಿಯಿಂದ ಕಾಣುತ್ತಿತ್ತು. ಆ ವಾರವೂ ಗುರುವಾರ ರಾತ್ರಿ ಎಂಟಕ್ಕೆ ಬೀದಿಯೆಲ್ಲ ಹೊರಬಂದು ಆರೋಗ್ಯ ಸಿಬ್ಬಂದಿಗಾಗಿ ಚಪ್ಪಾಳೆ ತಟ್ಟಿತು. ನಾನು ಸ್ಟೀಲ್ ತಟ್ಟೆ ಬಡಿದೆ, ಎಲ್ಲರಿಗಿಂತ ಜೋರಾಗಿ.

ಅವನು ಲಾರಿ ಚಾಲಕ. ಆ ಡಿಸೆಂಬರಿನಲ್ಲಿ ಕೋವಿಡ್ ವೈರಾಣುವಿನ ಹೊಸ ರೂಪಾಂತರಿಯ ಭಯಕ್ಕೆ ಫ್ರಾನ್ಸ್ ಗಡಿ ಮುಚ್ಚಿದಾಗ ಕೆಂಟಿನಲ್ಲಿ ಸಾವಿರಾರು ಲಾರಿಗಳ ನಡುವೆ ಅವನದೂ ಒಂದು. ಕ್ರಿಸ್‌ಮಸ್‌ನ ಹಿಂದಿನ ದಿನ ಫೋನ್ ಮಾಡಿದ. ಅವರಿಗೆ ಅದು ಹನ್ನೆರಡು ಬಗೆಯ ಅಡುಗೆಯ ಹಬ್ಬ. “ನಿನ್ನೆ ಪೇಟ ಕಟ್ಟಿದವರು ಬಂದು ಕಡಲೆಕಾಳಿನ ಪಲ್ಯ, ಅನ್ನ ಕೊಟ್ಟರು, ನಿಮ್ಮವರೇ?” ಎಂದ. ಗ್ರೇವ್ಸೆಂಡ್ ಗುರುದ್ವಾರದ ಅಡುಗೆ ಅದು. “ಹೌದು, ನಮ್ಮವರೇ” ಎಂದೆ. ನೋಡು, ಪುಣ್ಯ ಎಲ್ಲಿ ಸಿಕ್ಕಿದರೂ ನನ್ನ ಖಾತೆಗೆ. ಅದೇ ದಿನ ಜಾನ್ಸನ್ ಮೀನಿನ ಚಿತ್ರದ ಟೈ ಕಟ್ಟಿಕೊಂಡು ಯುರೋಪಿನೊಂದಿಗೆ ಒಪ್ಪಂದ ಆಯಿತೆಂದು ಸಾರಿದ.

2021ರ ಬೇಸಿಗೆಯಲ್ಲಿ ಅವರು ಮನೆ ಖಾಲಿ ಮಾಡಿ ಪೋಲೆಂಡಿನ ಲುಬ್ಲಿನ್‌ಗೆ ಮರಳಿದರು. ಆ ಸೆಪ್ಟೆಂಬರಿನಲ್ಲಿ ಚಾಲಕರಿಲ್ಲದೆ ಪೆಟ್ರೋಲ್ ಬಂಕುಗಳು ಬರಿದಾದವು. ಕ್ರಿಸ್‌ಮಸ್‌ವರೆಗೆ ಬಂದು ಲಾರಿ ಓಡಿಸಿ ಹೋಗಿ ಎಂದು ಸರ್ಕಾರ ಹೊರದೇಶದ 5,000 ಚಾಲಕರಿಗೆ ವೀಸಾ ಕೊಡಲು ಹೊರಟಿತು. ನಾನು ಒಂದೂವರೆ ಗಂಟೆ ಸಾಲಿನಲ್ಲಿದ್ದೆ. ಯಾರೋ ಒಬ್ಬರ ಅಮ್ಮ ಸಾಲಿನಲ್ಲಿ ನಿಲ್ಲಲಿ ಎಂದಿದ್ದೆನಲ್ಲ.

ಇದರಲ್ಲಿ ವಿಚಿತ್ರ ಏನು ಗೊತ್ತೇ? ನಾನು ಬಯಸಿದ್ದು ಸಿಕ್ಕಿತು. ಹೊಸ ವಲಸೆ ನಿಯಮದಲ್ಲಿ ನಮ್ಮವರು ದಂಡಿಯಾಗಿ ಬಂದರು. ನಮ್ಮ ರಾಜ್ಯೋತ್ಸವಕ್ಕೆ ಈಗ ಪುಳಿಯೋಗರೆ ಸಾಲುವುದಿಲ್ಲ. ಅಂದು ನನ್ನ ಹಾಗೆಯೇ ಗೀಟು ಹಾಕಿದವರಲ್ಲಿ ಬಹಳ ಜನರಿಗೆ ಇದರಿಂದಲೇ ಸಿಟ್ಟು. ಅದೂ ಹೆಪ್ಪುಗಟ್ಟುತ್ತಿದೆ.

ಬಸವಣ್ಣನ ಎದುರು ನಿನ್ನ ಭಾವಮೈದುನ ಒಂದು ಫೋಟೋ ತೆಗೆಯಿರಿ ಎಂದ. ತೆಗೆದೆ. ನನ್ನದನ್ನೂ ತೆಗೆಯುತ್ತೇನೆಂದ. ಬೆಳಕು ಸರಿಯಿಲ್ಲ ಎಂದೆ.

ಹೋಗಲಿ ಬಿಡು. ಇಷ್ಟೆಲ್ಲ ಬರೆಯುವ ಉದ್ದೇಶವಿರಲಿಲ್ಲ. ಕಮಿಂಗ್ಸ್‌ನ ಕಣ್ಣು ಪರೀಕ್ಷೆ ಹೇಳಿ ನಿನ್ನನ್ನು ನಗಿಸಿ ಮುಗಿಸೋಣವೆಂದಿದ್ದೆ. ಇದರ ಮೇಲೆ ಇನ್ನೊಂದು ಎಡವಟ್ಟು ಈಗ ಹೊಳೆಯುತ್ತಿದೆ: ಮತದ ವಿಷಯ ಇವಳಿಗೂ ಗೊತ್ತಿಲ್ಲ, ಮತ್ತು ಇವಳು ನಾನು ಬರೆದದ್ದನ್ನು ತಪ್ಪದೇ ಓದುತ್ತಾಳೆ. ಇಂದು ರಾತ್ರಿಯ ಅಡುಗೆ ನಾನೇ ಮಾಡುವುದು ಕ್ಷೇಮ.

ಒಂದು ಉಪಕಾರ ಮಾಡು. ಆ ನೀಲಿ ಹೂವಿನ ತಟ್ಟೆ ಇನ್ನೂ ನಮ್ಮ ಮನೆಯಲ್ಲಿದೆ. ಬರಿಯ ತಟ್ಟೆ ವಾಪಸು ಕೊಡಬಾರದು ಎಂದು ಅಮ್ಮ ಫೋನಿನಲ್ಲಿ ಹೇಳುತ್ತಲೇ ಇದ್ದಾಳೆ. ಹೋಳಿಗೆ ಮಾಡಿ ತಟ್ಟೆಯೊಂದಿಗೆ ಲುಬ್ಲಿನ್‌ಗೆ ಕಳಿಸೋಣವೆಂದು ಅಂಚೆ ಕಚೇರಿಯಲ್ಲಿ ವಿಚಾರಿಸಿದೆ. ಈಗ ಸುಂಕದ ಫಾರಂ ತುಂಬಬೇಕು. ಹಾಲು, ಬೆಣ್ಣೆ, ತುಪ್ಪ ಇದ್ದದ್ದು ಇಲ್ಲಿಂದ ಯುರೋಪಿಗೆ ಹೋಗುವಂತಿಲ್ಲ. ಬ್ರೆಕ್ಸಿಟ್ ನಿಯಮವಂತೆ. ಹಿಂದೆ ನಿಂತಿದ್ದ ಮುದುಕಿಯೊಬ್ಬಳು “ಯಾರು ಇದಕ್ಕೆಲ್ಲ ಮತ ಹಾಕಿದರೋ” ಎಂದಳು. ನಾನೂ ತಲೆಯಾಡಿಸಿದೆ.

ಆದ್ದರಿಂದ ನಿನ್ನ ಅಮ್ಮನ ಕೋಡುಬಳೆಯ ಅಳತೆಯನ್ನು ಕೇಳಿ ಕಳಿಸು. ಕಾದ ಎಣ್ಣೆ ಹಾಕಿ ಕಲಸುವ ಬಗೆ, ಬೆಣ್ಣೆಯದಲ್ಲ. ಈ ಒಂದು ವಿಷಯದಲ್ಲಾದರೂ ಕೊಡೆ ಎನ್ನಬೇಡ.

ನಿನ್ನ,
ಎರಡನೆಯ ವಡೆ