ಡಬ್ಬಿಯ ಹೆಸರು ಕೇಳಿದ ಗೆಳೆಯನಿಗೆ

ದೋಸ್ತ,

ಮೊನ್ನೆ ರಾತ್ರಿ ಹನ್ನೊಂದೂವರೆಗೆ ಬ್ಯಾಡಗಿಯಿಂದ ಫೋನ್ ಮಾಡಿ, "ಲೇ, ಕೂಸಿಗೆ ಯಾವ ಹಾಲಿನ ಪೌಡರ್ ಛಲೋ ಐತಿ?" ಅಂತ ಕೇಳಿದೆ. ನಾನು ಹಿಂದೆಮುಂದೆ ನೋಡದೆ ಒಂದು ಡಬ್ಬಿಯ ಹೆಸರು ಹೇಳಿಬಿಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. ಕೂಸಿಗೆ ಇನ್ನೂ ಮೂರು ದಿನ. ಹಿಂದಿನಿಂದ ಅದು ಅಳೋದು ಕೇಳಿಸುತ್ತಿತ್ತು, ನಿಮ್ಮ ಅತ್ತಿಯವರ ಮಾತೂ ಕೇಳಿಸುತ್ತಿತ್ತು. ಹಡೆದ ವೈನಿಯ ದನಿ ಮಾತ್ರ ಇರಲಿಲ್ಲ. ಅವರು ಹೇಗಿದ್ದಾರೆ ಅಂತ ನಾನೂ ಕೇಳಲಿಲ್ಲ.

ಬೆಳಿಗ್ಗೆ ಮತ್ತೆ ಫೋನ್ ಮಾಡಿದಾಗ ನೀನು ಬಸ್ಸಿನಲ್ಲಿದ್ದೆ, ಅರ್ಧ ಮಾತು ಕೇಳಿಸಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಎಲ್ಲರ ಮುಂದೆ ಯಾಕೆ ಅಂದರೆ, ನಮ್ಮ ಬ್ಯಾಚಿನಲ್ಲಿ ಈ ವರ್ಷ ಇನ್ನೂ ಮೂವರು ಅಪ್ಪ ಆಗುವವರಿದ್ದಾರೆ, ಒಬ್ಬನೂ ಬಾಯಿಬಿಟ್ಟು ಕೇಳುವವನಲ್ಲ. ನಿನ್ನ ಹೆಸರು ಹಾಕಿಲ್ಲ. ಹಳದಿ ಛತ್ರಿಯವನು ಅಂದರೆ ಗೊತ್ತಾಗಬೇಕಾದವರಿಗೆ ಗೊತ್ತಾಗುತ್ತದೆ.

ಮೂರನೇ ದಿನ ಕೂಸು ಅತ್ತಿತು ಅಂದ ಮಾತ್ರಕ್ಕೆ ಹಾಲಿಲ್ಲ ಅಂತ ತಿಳಿಯಬೇಡ. ಹುಟ್ಟಿದ ದಿನ ಅದರ ಹೊಟ್ಟೆ ಗೋಲಿಗುಂಡಿನಷ್ಟು. ಒಂದು ಚಮಚ ಹಾಲಿಗೆ ತುಂಬುತ್ತದೆ, ಬೇಗ ಖಾಲಿಯೂ ಆಗುತ್ತದೆ. ಮೊದಲು ಬರುವುದು ಹಳದಿ ಬಣ್ಣದ ದಪ್ಪ ಹಾಲು, ಹನಿ ಹನಿಯಾಗಿ. ಆಕಳು ಈದರೆ ಗಿಣ್ಣದ ಹಾಲಿಗೆ ಓಣಿಯೆಲ್ಲ ವಾಟಿ ಹಿಡಿದು ಕಾಯುತ್ತೇವೆ, ತಾಯಿಯ ಗಿಣ್ಣದ ಹಾಲನ್ನು ಮಾತ್ರ ಹಿಂಡಿ ಚೆಲ್ಲು ಅನ್ನುತ್ತೇವೆ. ಚೆಲ್ಲಿಸಬೇಡ. ರೋಗ ತಡೆಯುವ ಶಕ್ತಿ ಅದರಲ್ಲೇ ಜಾಸ್ತಿ. ತುಂಬು ಹಾಲು ಇಳಿಯುವುದು ಎರಡರಿಂದ ನಾಲ್ಕನೇ ದಿನದೊಳಗೆ, ಸಿಜೇರಿಯನ್ ಆಗಿದ್ದರೆ ಇನ್ನೊಂದಿಷ್ಟು ತಡ. ಕೂಸು ಚೀಪಿದಷ್ಟೂ ಹಾಲು ಬರುತ್ತದೆ, ಹಗಲು ರಾತ್ರಿ ಸೇರಿ 8ರಿಂದ 12 ಸಲ ಕುಡಿಸಬೇಕು. ನಡುವೆ ಬಾಟಲಿ ಕೊಟ್ಟರೆ ಕೂಸು ಗಡದ್ದಾಗಿ ಮಲಗುತ್ತದೆ, ಚೀಪುವುದು ಕಡಿಮೆಯಾಗುತ್ತದೆ, ಹಾಲೂ ಕಡಿಮೆಯಾಗುತ್ತದೆ. ಆಗ ಎಲ್ಲರೂ ಸೇರಿ "ನಾವು ಮೊದಲ ಹೇಳಿದ್ವಿ" ಅನ್ನುತ್ತಾರೆ.

ಹಾಲು ಸಾಲುತ್ತಿದೆಯಾ ಅನ್ನೋದನ್ನು ಒದ್ದೆ ಅರಿವಿ ಎಣಿಸಿ ನೋಡು. ಐದನೇ ದಿನದ ಮೇಲೆ 24 ತಾಸಿಗೆ ಆರು ಸಲವಾದರೂ ಒದ್ದೆ ಆಗಬೇಕು. ತೂಕ ಮೊದಲ ವಾರ ಸ್ವಲ್ಪ ಇಳಿದು, ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ಬರಬೇಕು. ಒದ್ದೆ ಮಾಡೋದು ಕಡಿಮೆಯಾದರೆ, ಎಬ್ಬಿಸಿದರೂ ಕುಡಿಯದೆ ಮಂಕಾಗಿ ಮಲಗಿದರೆ, ಮೈ ಹಳದಿ ಆಗುತ್ತಾ ಹೋದರೆ, ಜ್ವರ ಬಂದರೆ, ಅವತ್ತೇ ಡಾಕ್ಟರ ಹತ್ತಿರ ಓಡು. ನಾಳೆ ನೋಡೋಣ ಅನ್ನಬೇಡ.

ಈಗ ನಿನಗೂ ಹೇಳದ ಮಾತು. ನಮ್ಮ ಮಗಳು ಹುಟ್ಟಿದ ಮೂರನೇ ರಾತ್ರಿ, ಗದಗಿನಲ್ಲಿ, ನನ್ನ ಹೆಂಡತಿಯ ತವರುಮನೆಯಲ್ಲಿ, ಪಡಸಾಲೆ ತುಂಬ ಜನ. ಕೂಸು ಅಳುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ, "ಆಕಿಗೆ ಹಾಲ ಇಲ್ಲ, ಡಬ್ಬಿ ತರ್ತೀನಿ" ಅಂದೆ. ನನ್ನನ್ನು ಯಾರೂ ಕೇಳಿರಲಿಲ್ಲ. ಅವಳು ಹೊರಸಿನ ಮೇಲೆ ಕೂತಿದ್ದಳು. ಏನೂ ಅನ್ನಲಿಲ್ಲ. ಕೂಸಿನ ಕುಂಚಿಗಿ ಸರಿಮಾಡಿ, ಅದನ್ನು ಅತ್ತಿಯ ಕೈಗೆ ಕೊಟ್ಟು, ಗೋಡೆ ಕಡೆ ಹೊರಳಿದಳು. ನಾನು ಏನೋ ದೊಡ್ಡ ಕೆಲಸ ಮಾಡಿದವನ ಹಾಗೆ ಮೆಡಿಕಲ್ ಶಾಪಿಗೆ ಹೋದೆ.

ಒಂದೂವರೆ ತಿಂಗಳಿಗೆ ಲಸಿಕೆ ಹಾಕಿಸಲು ಹೋದಾಗ ಅಲ್ಲಿನ ಸಿಸ್ಟರ್ ಎರಡು ನಿಮಿಷ ನೋಡಿ, "ಬರೇ ತೊಟ್ಟ ಹಿಡದೈತ್ರಿ ಕೂಸು" ಅಂದರು. ಹೊರಗೆ ಹೊರಟ ನನ್ನನ್ನೂ ನಿಲ್ಲಿಸಿ, "ನೀವೂ ನೋಡ್ರಿ, ರಾತ್ರಿ ನೀವ ನೆನಪ ಮಾಡಬೇಕು" ಅಂದರು. ಕೂಸಿನ ಹೊಟ್ಟೆ ತಾಯಿಯ ಮೈಗೆ ತಾಗಿರಬೇಕು, ಮೂಗು ತೊಟ್ಟಿನ ಎದುರಿಗೆ ಬರಬೇಕು. ತೊಟ್ಟಿನಿಂದ ತುಟಿ ಸವರಿ, ಆಕಳಿಸಿದಷ್ಟು ಅಗಲ ಬಾಯಿ ತೆರೆಯುವ ತನಕ ಕಾದು, ಆಗ ಕೂಸನ್ನೇ ಎದೆಯ ಹತ್ತಿರ ತರಬೇಕು. ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು, ಗದ್ದ ಎದೆಗೆ ಒತ್ತಿರಬೇಕು, ಕೆಳತುಟಿ ಹೊರಗೆ ಮಡಚಿರಬೇಕು. ಹಿಡಿಸಿದ ಮೇಲೂ ತಾಯಿಗೆ ನೋವಾಗುತ್ತಿದ್ದರೆ ಕಿರುಬೆರಳನ್ನು ಕೂಸಿನ ಬಾಯಿಯ ಮೂಲೆಗೆ ಇಟ್ಟು ಬಿಡಿಸಿ, ಮತ್ತೆ ಹಿಡಿಸಬೇಕು. ಸ್ವಲ್ಪ ಹೊತ್ತಿಗೆ ಕೂಸು ಗುಟುಕು ಗುಟುಕಾಗಿ ನುಂಗುವ ಸಪ್ಪಳ ಕೇಳಿಸಿತು. ಒಂದೂವರೆ ತಿಂಗಳಲ್ಲಿ ಒಮ್ಮೆಯೂ ನಾನು ಅದನ್ನು ಕೇಳಿರಲಿಲ್ಲ. ಅವಳು ಕೂಸನ್ನೇ ನೋಡುತ್ತಿದ್ದಳು. ನನಗೆ ಅವಳ ಮುಖ ನೋಡಲು ಆಗಲಿಲ್ಲ.

ಅಷ್ಟು ಹೊತ್ತಿಗೆ ಹಾಲು ಕಡಿಮೆಯಾಗಿತ್ತು, ಬಾಟಲಿ ಪೂರ್ತಿ ಬಿಡಲು ಆಗಲಿಲ್ಲ. ಎಂಟು ತಿಂಗಳ ತನಕ ಎರಡೂ ನಡೆದವು, ಮಗಳು ಗಟ್ಟಿಮುಟ್ಟಾಗಿದ್ದಾಳೆ. ಅದಕ್ಕೆ ನಾನು ಡಬ್ಬಿಯನ್ನು ಬೈಯುವುದಿಲ್ಲ. ಕೆಲವರಿಗೆ ನಿಜವಾಗಿಯೂ ಹಾಲು ಸಾಲುವುದಿಲ್ಲ. ಡಾಕ್ಟರು ನೋಡಿ ಕೊಡಿ ಅಂದರೆ ವೈನಿ ತಲೆತಗ್ಗಿಸದೆ ಕೊಡಲಿ. ತಯಾರು ಮಾಡೋ ಕೆಲಸ ನೀನು ಕಲಿ. ಕುದಿಸಿದ ನೀರು ಅರ್ಧ ತಾಸಿಗಿಂತ ಜಾಸ್ತಿ ಆರಬಾರದು, 70 ಡಿಗ್ರಿಯಾದರೂ ಇರಬೇಕು. ಪೌಡರಿನಲ್ಲೂ ಕ್ರಿಮಿ ಇರಬಹುದು, ಆ ಬಿಸಿಗೆ ಸಾಯುತ್ತವೆ. ಮೊದಲು ನೀರು, ಆಮೇಲೆ ಪೌಡರು, ಡಬ್ಬಿಯಲ್ಲಿ ಬರೆದಷ್ಟೇ. ಉಳಿತಾಯಕ್ಕೆ ಅಂತ ತೆಳ್ಳಗೆ ಮಾಡಬೇಡ. ತಣ್ಣೀರಿನಲ್ಲಿ ಹಿಡಿದು ಆರಿಸಿ, ಮುಂಗೈ ಮೇಲೆ ಒಂದು ಹನಿ ಹಾಕಿ ನೋಡು. ಎರಡು ತಾಸಿನೊಳಗೆ ಮುಗಿಯಬೇಕು, ಕುಡಿದು ಉಳಿದದ್ದನ್ನು ಚೆಲ್ಲು. ಬಾಟಲಿ ತೊಳೆದು ಕುದಿಸುವುದು ಕಷ್ಟ ಆದರೆ ಸ್ಟೀಲಿನ ವಾಟಿ, ಚಮಚ ಸಾಕು. ಇಂಥ ಡಬ್ಬಿಗೆ ಜಾಹೀರಾತು ಕೊಡುವುದನ್ನೇ ನಮ್ಮಲ್ಲಿ 1992ರ ಕಾನೂನು ನಿಷೇಧಿಸಿದೆ. ನಾನು ಮಾತ್ರ ರಾತ್ರಿ ಹನ್ನೊಂದೂವರೆಗೆ ಪುಕ್ಕಟೆ ಮಾಡಿದೆ.

ಇನ್ನೆರಡು ಮಾತು. ಆರು ತಿಂಗಳ ತನಕ ನೀರೂ ಬೇಡ, ಬ್ಯಾಡಗಿಯ ಬಿಸಿಲಿಗೂ ಬೇಡ. ಹಾಲಿನಲ್ಲಿರುವುದು ಜಾಸ್ತಿ ನೀರೇ. ಜೇನುತುಪ್ಪವನ್ನಂತೂ ವರ್ಷ ತುಂಬುವ ತನಕ ಯಾರೂ ನೆಕ್ಕಿಸಬಾರದು, ಎಳೆಕೂಸಿಗೆ ಅದರಿಂದ ಬೊಟುಲಿಸಂ ಅನ್ನೋ ಕೆಟ್ಟ ಕಾಯಿಲೆ ಬರಬಹುದು. ಮೆಣಸಿನಕಾಯಿ ಮುಟ್ಟಿ ಬಂದ ಕೈಯಲ್ಲಿ ಕೂಸನ್ನು ಎತ್ತಬೇಡ ಅಂತ ನಿಮ್ಮ ಮಾವನವರಿಗೆ ನೀನೇ ಹೇಳಬೇಕು, ನಾನು ಹೇಳಲಾರೆ. ವೈನಿ ಕುಡಿಸಲು ಕೂತಾಗ ಒಂದು ತಂಬಿಗೆ ನೀರು ಪಕ್ಕದಲ್ಲಿಡು, ಬಾಗಿಲು ಮುಂದೆ ಮಾಡು.

ಇಷ್ಟು ಬರೆದು ಅವಳಿಗೆ ಓದಲು ಕೊಟ್ಟೆ. ಆ ರಾತ್ರಿಯ ಮಾತಿಗೆ ನಾಲ್ಕು ವರ್ಷದಲ್ಲಿ ಒಮ್ಮೆಯೂ ತಪ್ಪಾಯ್ತು ಅಂದವನಲ್ಲ ನಾನು. ಪೂರ್ತಿ ಓದಿದಳು. "ಒಂದೂವರೆ ತಿಂಗಳಲ್ಲ, ಏಳು ವಾರ ಆಗಿತ್ತು. ರಜಾ ಸಿಗಲಿಲ್ಲ ಅಂದಿದ್ರಿ ನೀವು" ಅಂದಳು. ಫೋನ್ ವಾಪಸ್ ಕೊಟ್ಟು, ಹಾಕ್ರಿ ಅಂದಳು.

ಭಾನುವಾರ ನಾವು ಮೂವರೂ ಬರುತ್ತಿದ್ದೇವೆ. ಅಂಟಿನ ಉಂಡಿ ಕಟ್ಟುತ್ತಿದ್ದಾಳೆ. ಅವು ವೈನಿಗೆ, ನೀನು ಡಬ್ಬಿ ಮುಟ್ಟಂಗಿಲ್ಲ. ಬಸ್‌ಸ್ಟ್ಯಾಂಡಿಗೆ ಬಾ, ಛತ್ರಿ ತಗೊಂಡು.

ನಿನ್ನವನೇ